ಮೂರನೇ ಮಹಡಿಯವರು ಊಟಕ್ಕೆ ಬಂದಿಲ್ಲ

ಅವತ್ತು ಬೋರಾ ಬೀಸುತ್ತಿತ್ತು. ನಾವಿರುವ ಇಟಲಿಯ ಟ್ರಿಯೆಸ್ಟೆಯಲ್ಲಿ ಬೋರಾ ಅಂದರೆ ಚಳಿಗಾಲದ ಹುಚ್ಚು ಗಾಳಿ, ಒಮ್ಮೊಮ್ಮೆ ಗಂಟೆಗೆ 100 ಕಿಲೋಮೀಟರ್ ದಾಟುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ಬೆಲ್ ಆಯಿತು. ಬಾಗಿಲಲ್ಲಿ ಇಬ್ಬರು, ಒಬ್ಬಾಕೆಯ ಕೈಯಲ್ಲಿ ಮುಚ್ಚಿದ ಊಟದ ಡಬ್ಬಿ. "ಮೂರನೇ ಮಹಡಿಯವರನ್ನು ನೋಡಿದಿರಾ? ಬಾಗಿಲು ತೆಗೆಯುತ್ತಿಲ್ಲ."

ಮೂರನೇ ಮಹಡಿಯವರ ವಿಷಯ ನನಗೆ ಗೊತ್ತಿತ್ತು. ಮೊದಲ ಸಲ ಮೆಟ್ಟಿಲ ಮೇಲೆ ಸಿಕ್ಕಾಗಲೇ ಒಂದೇ ಉಸಿರಿಗೆ ಹೇಳಿದ್ದರು: "ನಾನು ಚೆಂತ್ರೊಗೆ ಹೊರಟೆ ಸಿನ್ಯೋರಾ, ನನಗೆ ತಲೆಯೊಳಗೆ ದನಿಗಳು ಕೇಳುತ್ತವೆ, ಬರುವಾಗ ಅಂಗಡಿಯಿಂದ ಏನಾದರೂ ತರಲಾ?" ನಾನು ತಬ್ಬಿಬ್ಬಾಗಿ ಹಾಲು ಅಂದಿದ್ದೆ. ತಂದುಕೊಟ್ಟರು, ಚಿಲ್ಲರೆ ಸಮೇತ.

ಚೆಂತ್ರೊ ಅಂದರೆ ಬಡಾವಣೆಯ ಮಾನಸಿಕ ಆರೋಗ್ಯ ಕೇಂದ್ರ. ಹಗಲು ರಾತ್ರಿ, ವಾರದ ಏಳೂ ದಿನ ತೆರೆದಿರುತ್ತದೆ. ಬಿಳಿ ಕೋಟು ಇಲ್ಲ, ಬೀಗ ಇಲ್ಲ. ತೀರಾ ಕಷ್ಟವಾದಾಗ ಕೆಲವು ರಾತ್ರಿ ಮಲಗಲು ನಾಲ್ಕಾರು ಹಾಸಿಗೆಗಳಿವೆ, ಅಷ್ಟೇ. ಮಿಕ್ಕವರು ಬೆಳಗ್ಗೆ ಬಂದು ಮಾತ್ರೆ ತೆಗೆದುಕೊಳ್ಳುತ್ತಾರೆ, ಊಟ ಮಾಡುತ್ತಾರೆ, ಸುಮ್ನೆ ಕೂರುತ್ತಾರೆ.

ಒಮ್ಮೆ ಅವರ ಜೊತೆ ನಾನೂ ಹೋಗಿದ್ದೆ. ಅವತ್ತು ಅವರ ಕೈಯಲ್ಲಿ ಕರೆಂಟ್ ಬಿಲ್ ಇತ್ತು. ನರ್ಸ್ ಒಬ್ಬರು ಫೋನ್ ಹಿಡಿದು ಮುಕ್ಕಾಲು ಗಂಟೆ ಕಾದರು. ಪಕ್ಕದಲ್ಲಿ ಇವರು ಬಿಲ್ಲಿನ ಅಂಚನ್ನು ಮಡಿಸುತ್ತಾ, ಬಿಡಿಸುತ್ತಾ ಕೂತಿದ್ದರು. ಇದೂ ನರ್ಸ್ ಕೆಲಸವಾ ಅಂತ ಮೆಲ್ಲಗೆ ಕೇಳಿದೆ. ಇವರೇ ಉತ್ತರ ಕೊಟ್ಟರು: "ಕರೆಂಟ್ ಹೋದರೆ ನಾನು ಮಲಗಲ್ಲ. ಮೂರು ರಾತ್ರಿ ನಿದ್ದೆಗೆಟ್ಟರೆ ದನಿಗಳು ಜೋರಾಗುತ್ತವೆ. ಆಮೇಲೆ ಮಾತ್ರೆ ಜಾಸ್ತಿ ಮಾಡಬೇಕಾಗುತ್ತದೆ." ಫೋನ್ ಹಿಡಿದಿದ್ದ ನರ್ಸ್ ಹೌದು ಅಂತ ತಲೆಯಾಡಿಸಿದರು.

ಇದೇ ಊರಿನ ಸಾನ್ ಜೊವಾನ್ನಿ ಗುಡ್ಡದ ಮೇಲೆ 1908ರಲ್ಲಿ ಶುರುವಾದ ದೊಡ್ಡ ಹುಚ್ಚಾಸ್ಪತ್ರೆ ಇತ್ತು. ಫ್ರಾಂಕೊ ಬಸಾಲ್ಯ ಎಂಬ ವೈದ್ಯ 1971ರಲ್ಲಿ ಅಲ್ಲಿಗೆ ಬಂದಾಗ ಒಳಗೆ ಸುಮಾರು 1,200 ಜನ. ಆತ ವಾರ್ಡ್‌ಗಳ ಬಾಗಿಲು ತೆಗೆಸಿದ. ಚಿಕಿತ್ಸೆಯ ಹೆಸರಲ್ಲಿ ಬಿಟ್ಟಿ ಕಸ ಗುಡಿಸುತ್ತಿದ್ದವರು ಸಹಕಾರ ಸಂಘ ಕಟ್ಟಿಕೊಂಡು ಅದೇ ಕೆಲಸಕ್ಕೆ ಕೂಲಿ ಪಡೆದರು. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಸಂಗತಿ ಅನ್ನಿಸುತ್ತದೆ, ಆದರೆ ಊರವರು ಹೇಳುವುದು ಕುದುರೆಯ ಕಥೆ. ಆಸ್ಪತ್ರೆಯ ಬಟ್ಟೆಗಾಡಿ ಎಳೆಯುತ್ತಿದ್ದ ಮಾರ್ಕೊ ಎಂಬ ಕುದುರೆಯ ಹೆಸರಲ್ಲಿ 1973ರಲ್ಲಿ ರೋಗಿಗಳು, ಕಲಾವಿದರು ಸೇರಿ ಭಾರೀ ನೀಲಿ ಕುದುರೆ ಮಾಡಿದರು. ಮೆರವಣಿಗೆ ಹೊರಟರೆ ಕುದುರೆ ಬಾಗಿಲಲ್ಲಿ ತೂರಲಿಲ್ಲ. ಬಾಗಿಲನ್ನೇ ಒಡೆದು ಹೊರಗೆ ತಂದರು! 1978ರಲ್ಲಿ ಇಂಥ ಆಸ್ಪತ್ರೆಗಳನ್ನು ಮುಚ್ಚುವ ಕಾನೂನು ಇಟಲಿಗೆಲ್ಲ ಬಂತು. ಈಗ ಆ ಗುಡ್ಡದಲ್ಲಿ ಗುಲಾಬಿ ತೋಟವಿದೆ, ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ನಮ್ಮ ಕಟ್ಟಡದಲ್ಲೇ ಒಬ್ಬಾಕೆ ಇವರ ಜೊತೆ ಲಿಫ್ಟ್ ಹತ್ತುವುದಿಲ್ಲ. ಸಿಬ್ಬಂದಿ ಮೊದಲಿನಷ್ಟಿಲ್ಲ ಎಂಬ ಗೊಣಗಾಟವೂ ಕಿವಿಗೆ ಬೀಳುತ್ತದೆ. ಆದರೂ ಒಬ್ಬ ಮನುಷ್ಯ ಒಂದು ಹೊತ್ತಿನ ಊಟಕ್ಕೆ ಬರಲಿಲ್ಲ ಅಂತ ಆ ಗಾಳಿಯಲ್ಲಿ ಚೆಂತ್ರೊದ ಇಬ್ಬರು ಹುಡುಕಿಕೊಂಡು ಬಂದಿದ್ದರಲ್ವಾ?

ಅವರ ಹಿಂದೆ ನಾನೂ ಮೂರನೇ ಮಹಡಿಗೆ ಇಳಿದೆ. ಡಬ್ಬಿ ಹಿಡಿದಿದ್ದಾಕೆ ಬಾಗಿಲು ಬಡಿಯಲಿಲ್ಲ. ಮೆಟ್ಟಿಲ ಮೇಲೆ ಕೂತು, ಒಳಗೆ ಕೇಳುವ ಹಾಗೆ ಗಾಳಿಯನ್ನು ಬೈಯತೊಡಗಿದಳು. ತನ್ನ ಟೋಪಿ ಹಾರಿಹೋದದ್ದು, ಬಸ್ ತಡವಾದದ್ದು, ಎಲ್ಲ ಹೇಳಿದಳು. ಹತ್ತು ನಿಮಿಷವಾದ ಮೇಲೆ ಚಿಲಕದ ಸದ್ದು. ಬಾಗಿಲು ಒಂದು ಗೇಣು ತೆರೆಯಿತು.

"ಊಟ ಆರಿಹೋಯಿತಾ?"

"ಆರದೆ ಇರುತ್ತಾ? ಬಿಸಿ ಮಾಡೋಣ, ಒಳಗೆ ಬರಲಾ?"