ಗರಡಿಯ ಮಣ್ಣು, ಕಾಲೇಜಿನ ಪಾಠ

ನಮ್ಮ ಕಾಲದಲ್ಲಿ ಕಾಲೇಜಿನ ಮೊದಲ ಗಂಟೆ ಬಾರಿಸುತ್ತಿದ್ದದ್ದು ಹತ್ತಕ್ಕೆ. ನಮ್ಮಲ್ಲಿ ಕೆಲವರ ದಿನ ಬೆಳಗಿನ ಐದಕ್ಕೇ ಶುರುವಾಗಿರುತ್ತಿತ್ತು, ಅದೂ ಗುದ್ದಲಿ ಹಿಡಿದು. 1984ರಿಂದ 87ರವರೆಗೆ ನಾನು ಮೈಸೂರಿನಲ್ಲಿ ಬಿ.ಎ. ಓದಿದೆ. ನಜರ್‌ಬಾದಿನಲ್ಲಿ ನಮ್ಮೂರ ಕಡೆಯ ಮೂವರು ಸೇರಿ ಒಂದು ಕೋಣೆ ಹಿಡಿದಿದ್ದೆವು. ಎರಡು ಬೀದಿ ಆಚೆಗೆ ತಗ್ಗು ಹೆಂಚಿನ ಮಾಡು, ಬಗ್ಗಿ ಒಳಗೆ ಹೋಗಬೇಕಾದ ಬಾಗಿಲು, ಬಾಗಿಲ ಮೇಲೆ ಆಂಜನೇಯನ ಪಟ ಇದ್ದ ಒಂದು ಗರಡಿಮನೆ. ಸ್ಮರಣ ಸಂಚಿಕೆಗೆ ಕಾಲೇಜಿನ ನೆನಪು ಬರೆಯಿರಿ ಎಂದು ಸಂಪಾದಕರು ಕೇಳಿದಾಗ, ಆ ಗರಡಿಯನ್ನು ಬಿಟ್ಟು ಬರೆದರೆ ನನ್ನ ಕಾಲೇಜಿನ ಅರ್ಧ ಓದನ್ನೇ ಬಿಟ್ಟಂತೆ ಅನ್ನಿಸಿತು.

ಈಗಿನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಗರಡಿಯ ಒಳಗೆ ಕಾಲಿಟ್ಟಿರಲಿಕ್ಕಿಲ್ಲ. ಆದ್ದರಿಂದ ಅಲ್ಲಿನ ಬೆಳಗು ಹೇಗಿರುತ್ತಿತ್ತು ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಳಗೆ ಹೋಗುವ ಮುಂಚೆ ಕಾಲು ತೊಳೆಯಬೇಕು. ಹೊಸ್ತಿಲು ಮುಟ್ಟಿ ನಮಸ್ಕರಿಸಬೇಕು. ನಡುವೆ ಅಖಾಡ, ಅದರಲ್ಲಿ ಮೊಣಕಾಲುದ್ದ ಕೆಮ್ಮಣ್ಣು. ಅದನ್ನು ಬರೀ ಮಣ್ಣು ಅನ್ನುವಂತಿಲ್ಲ, ಅದು ಮಟ್ಟಿ. ಕಲ್ಲು ಹರಳು ಒಂದೂ ಉಳಿಯದಂತೆ ಜರಡಿ ಹಿಡಿದು, ಎಣ್ಣೆ, ಅರಿಶಿನ, ಕುಂಕುಮ, ನಿಂಬೆರಸ, ಕರ್ಪೂರ ಬೆರೆಸಿ ಹದ ಮಾಡಿದ್ದು. ಒಳ್ಳೆಯ ಮಟ್ಟಿ ಕೈಯಲ್ಲಿ ಹಿಡಿದರೆ ಆಗತಾನೆ ಬೀಸಿದ ರಾಗಿ ಹಿಟ್ಟಿನ ಹಾಗೆ ಜಾರುತ್ತದೆ. ರಾತ್ರಿ ಕಳೆಯುವುದರೊಳಗೆ ಅದು ಬಿಗಿದುಕೊಂಡಿರುತ್ತದೆ. ಹಾಗೇ ಬಿಟ್ಟು ಅದರ ಮೇಲೆ ಬಿದ್ದರೆ ಮೂಳೆ ಮುರಿಯುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಅಷ್ಟೂ ಮಣ್ಣನ್ನು ಗುದ್ದಲಿಯಿಂದ ಅಗೆದು, ಹೆಂಟೆ ಒಡೆದು, ನೀರು ಚಿಮುಕಿಸಿ, ಸಮ ಮಾಡಬೇಕು. ಹೊಸದಾಗಿ ಸೇರಿದವರ ಕೆಲಸ ಅದು. ಉಸ್ತಾದರು ನನಗೆ ಮೊದಲ ದಿನ ಹೇಳಿದ್ದು ಇಷ್ಟೇ: ‘ಬಾ ಮರಿ. ಇನ್ನೊಬ್ರು ಬೀಳೋ ಜಾಗ ಮೆತ್ತಗೆ ಮಾಡು ಮೊದ್ಲು. ಪಟ್ಟು ಆಮೇಲೆ.’

ಬಹಳ ದಿನ ಅಗೆದೆ. ಅಗೆಯುವುದೇ ಭುಜಕ್ಕೂ ಸೊಂಟಕ್ಕೂ ದೊಡ್ಡ ವ್ಯಾಯಾಮವೆಂದು ತಿಳಿಯುವ ಹೊತ್ತಿಗೆ ನೆಲಕ್ಕೆ ಕೈ ಊರಿ ಮೈ ಇಳಿಸಿ ಎತ್ತುವ ದಂಡ, ಕೂತು ಏಳುವ ಬಸ್ಕಿ ಶುರುವಾಗಿತ್ತು. ಆಮೇಲೆ ಮರದ ಗದೆ, ಕಲ್ಲುಗುಂಡು, ತೊಲೆಗೆ ಕಟ್ಟಿದ ಹಗ್ಗ. ಇಷ್ಟೆಲ್ಲ ಸಾಮು ಆದ ಮೇಲೆ, ಬೆಳಕು ಹರಿಯುವ ಹೊತ್ತಿಗೆ, ಜೋಡಿ ಜೋಡಿಯಾಗಿ ಅಖಾಡಕ್ಕೆ ಇಳಿಯುತ್ತಿದ್ದೆವು. ಒಂದು ಹಿಡಿ ಮಣ್ಣನ್ನು ಎದುರಿನವನ ಮೈಗೆ ಎರಚುತ್ತಿದ್ದೆವು. ಬೆವರಿಗೆ ಜಾರದೆ ಹಿಡಿತ ಸಿಗಲೆಂದು. ಮುಗಿದ ಮೇಲೆ ಒಬ್ಬರ ಬೆನ್ನನ್ನು ಇನ್ನೊಬ್ಬರು ತಿಕ್ಕಿ ಮಣ್ಣು ಉದುರಿಸಿ, ಮಾಲೀಸು ಮಾಡಿ, ತೊಟ್ಟಿಯ ನೀರು ಸುರಿದುಕೊಂಡು ಕೋಣೆಗೆ ಓಡಬೇಕು. ರಾತ್ರಿ ನೆನೆಸಿಟ್ಟ ಕಡಲೆಕಾಳು, ಒಂದು ಲೋಟ ಹಾಲು. ಬಾದಾಮಿ, ತುಪ್ಪ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಅನುಕೂಲವಿದ್ದ ಹಿರಿಯ ಪೈಲ್ವಾನರು ತಾವು ತಂದಿದ್ದರಲ್ಲಿ ನಮಗೂ ಒಂದು ಪಾಲು ಎತ್ತಿಡುತ್ತಿದ್ದರು.

ಅಲ್ಲಿ ಯಾರೂ ತಿಂಗಳ ಫೀಸು ಕೊಟ್ಟಿದ್ದನ್ನು ನಾನು ಕಾಣೆ. ಸೇರುವ ದಿನ ತೆಂಗಿನಕಾಯಿ, ವೀಳ್ಯದೆಲೆ, ಊದಿನಕಡ್ಡಿ ತೆಗೆದುಕೊಂಡು ಹೋಗಿ ಉಸ್ತಾದರ ಕಾಲಿಗೆ ಎರಗಿದರೆ ಆಯಿತು. ಅವರು ಹಗಲು ಹೊತ್ತು ಒಂದು ಸೌದೆ ಡಿಪೋದಲ್ಲಿ ಲೆಕ್ಕ ಬರೆಯುತ್ತಿದ್ದರು. ವರ್ಷಗಟ್ಟಲೆ ಕುಸ್ತಿ ಹಿಡಿದು ಎರಡೂ ಕಿವಿ ಮಡಿಚಿಕೊಂಡು ಗಂಟಾಗಿದ್ದವು. ಹೂವಿನ ವ್ಯಾಪಾರಿ, ಟಾಂಗಾ ಓಡಿಸುವವರು, ಇಬ್ಬರು ಪೊಲೀಸರು, ಮಾಂಸದ ಅಂಗಡಿಯ ಸಾಬರ ಮಗ, ನಾವು ಮೂವರು ಕಾಲೇಜು ಹುಡುಗರು, ಎಲ್ಲರೂ ಲಂಗೋಟಿ ಕಟ್ಟಿ ನಿಂತರೆ ಯಾರು ಯಾವ ಮನೆಯವರೆಂದು ಹೇಳುವಂತಿರಲಿಲ್ಲ. ಈ ಮಾತನ್ನು ಭಾಷಣಕ್ಕೆ ಹೇಳುತ್ತಿಲ್ಲ. ನಮ್ಮೂರಿನಲ್ಲಿ ಯಾರ ಮನೆಯ ಜಗಲಿ ಹತ್ತಬಾರದೆಂದು ಕಲಿತು ಬಂದಿದ್ದೆನೋ ಅಂಥ ಮನೆಯವರ ಬೆವರು ನನ್ನ ಮೈಗೂ, ನನ್ನ ಬೆವರು ಅವರ ಮೈಗೂ ಹತ್ತಿದ್ದು ಅಲ್ಲಿ. ಪುಸ್ತಕ ಓದಿ ಅಷ್ಟು ಬೇಗ ಆಗುತ್ತಿರಲಿಲ್ಲ.

ನನಗೆ ಜೋಡಿಯಾಗಿ ಸಿಕ್ಕವರು ದೇವರಾಜ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಒಬ್ಬ ಅಣ್ಣ. ನನಗಿಂತ ಹತ್ತು ವರ್ಷ ದೊಡ್ಡವರು. ನನ್ನ ಅಪ್ಪ ಊರಿನಿಂದ ಬಂದಾಗಲೆಲ್ಲ ಕೇಳುತ್ತಿದ್ದ ಪ್ರಶ್ನೆಯನ್ನೇ ಒಮ್ಮೆ ಅವರನ್ನು ಕೇಳಿದೆ. ‘ದಿನವೆಲ್ಲ ಗೇಯೋರಿಗೆ ಸಾಮು ಯಾಕಣ್ಣ?’ ಅವರು ಹೇಳಿದ್ದು ಹೀಗೆ: ‘ಮೂಟೆ ಹೊತ್ರೆ ಒಂದೇ ಕಡೆ ಮೈ ಗಂಟು ಬೀಳುತ್ತೆ ಕಣಪ್ಪ. ಆ ಗಂಟು ಬಿಡಿಸ್ಕೊಳ್ಳೋಕೆ ಇಲ್ಲಿಗೆ ಬರ್ತೀನಿ. ಅಲ್ಲಿ ಸಾವ್ಕಾರ ಹೇಳ್ದಷ್ಟು ಎತ್ತಬೇಕು. ಇಲ್ಲಿ ನನ್ನಿಷ್ಟ.’ ದುಡಿಮೆಗೂ ವ್ಯಾಯಾಮಕ್ಕೂ ಇರುವ ಅಂತರವನ್ನು ಇದಕ್ಕಿಂತ ಸರಿಯಾಗಿ ಯಾರೂ ನನಗೆ ಹೇಳಿಲ್ಲ. ಬಡವರಿಗೆ ಆಟ ಬೇಕಿಲ್ಲ, ಅವರ ಕೆಲಸವೇ ವ್ಯಾಯಾಮ ಎನ್ನುವವರನ್ನು ಕಂಡರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಎರಡನೆಯ ವರ್ಷದಲ್ಲಿ ನಮ್ಮ ಇತಿಹಾಸದ ಮೇಷ್ಟ್ರು ಕಲ್ಯಾಣದ ಚಾಲುಕ್ಯರ ಪಾಠ ಮಾಡುತ್ತಿದ್ದರು. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ ಹೆಸರು ಬಂತು. ಇಂದಿನ ಬಸವಕಲ್ಯಾಣದಿಂದ ಆಳಿದ ಈ ಅರಸ ಸುಮಾರು 1129ರಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಇಪ್ಪತ್ತಿಪ್ಪತ್ತು ಅಧ್ಯಾಯದ ಐದು ವಿಂಶತಿ, ಒಟ್ಟು ನೂರು ಅಧ್ಯಾಯ. ರಾಜ್ಯಭಾರದಿಂದ ಹಿಡಿದು ಅಡುಗೆಯವರೆಗೆ ಎಲ್ಲ ಉಂಟು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆದರೆ ಮೇಷ್ಟ್ರು ಅಲ್ಲಿಗೆ ನಿಲ್ಲಿಸಲಿಲ್ಲ. ಅದರಲ್ಲಿ ‘ಮಲ್ಲವಿನೋದ’ ಎಂದು ಒಂದು ಭಾಗವಿದೆ, ಜಟ್ಟಿಗಳನ್ನು ವಯಸ್ಸು, ಬಲ ನೋಡಿ ಮೂರು ತರಗತಿ ಮಾಡುತ್ತಿದ್ದರು, ಅವರಿಗೆ ಕೊಡಬೇಕಾದ ಊಟ, ಮಾಡಿಸಬೇಕಾದ ಸಾಧನೆ ಎಲ್ಲ ಬರೆದಿದೆ ಎಂದರು. ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದರು: ಮರಳಿನ ಚೀಲ ಹೊರುವ ಭಾರಶ್ರಮ, ನಸುಕಿನಲ್ಲಿ ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ಒತ್ತುವ ಬಾಹುಪೆಲ್ಲಣಕಶ್ರಮ, ಕಂಬ ಹಿಡಿದು ಮಾಡುವ ಸ್ತಂಭಶ್ರಮ. ಇಂದಿನ ಮಲ್ಲಕಂಬದ ಬೇರು ಈ ಕೊನೆಯದರಲ್ಲಿದೆ ಎಂದು ಹೇಳುತ್ತಾರೆ ಎಂದೂ ಸೇರಿಸಿದರು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಮೈ ಜುಮ್ಮೆಂದಿತು. ಎಂಟೂವರೆ ಶತಮಾನ ಹಿಂದೆ ಒಬ್ಬ ರಾಜ ಕೂತು ಬರೆಸಿದ್ದನ್ನು ನಾನು ಅವತ್ತು ಬೆಳಿಗ್ಗೆ ತಾನೇ ಮಾಡಿ ಬಂದಿದ್ದೆ. ನನ್ನ ಜೋಡಿಯ ಅಣ್ಣ ಓದಲು ಬರೆಯಲು ಬಾರದವರು. ಆದರೆ ಆ ಪಟ್ಟಿಯ ಮೊದಲನೆಯದನ್ನು ಹೊಟ್ಟೆಪಾಡಿಗಾಗಿಯೇ ಮಾಡುತ್ತಿದ್ದರು. ಸಂಜೆ ಹೋಗಿ ಉಸ್ತಾದರಿಗೆ ಅಷ್ಟನ್ನೂ ಹೇಳಿದೆ. ಅವರು ಮತ್ತೆ ಮತ್ತೆ ಹೇಳಿಸಿಕೊಂಡರು. ಮಾರನೆಯ ದಿನ ಅಷ್ಟೂ ಜನರನ್ನು ಕೂರಿಸಿ, ‘ಏಳಪ್ಪ, ನಿಮ್ಮ ಮೇಷ್ಟ್ರು ಹೇಳಿದ್ದನ್ನ ಇವ್ರಿಗೂ ಹೇಳು’ ಅಂದರು. ನಾನು ಮಾಡಿದ ಮೊದಲ ಪಾಠ ಅದು. ಮುಂದೆ ಮೇಷ್ಟ್ರಾಗಬೇಕು ಅನ್ನಿಸಿದ್ದೂ ಆಗಲೇ.

ದಸರಾ ಹತ್ತಿರ ಬಂದರೆ ಗರಡಿಯಲ್ಲಿ ನಿದ್ದೆ ಇರುತ್ತಿರಲಿಲ್ಲ. ಮೈಸೂರಿನ ದಸರೆಗೂ ಕುಸ್ತಿಗೂ ಇರುವ ನಂಟು ಹಳೆಯದು. 1638ರಲ್ಲಿ ಪಟ್ಟಕ್ಕೆ ಬಂದ ರಣಧೀರ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಹೆಸರಾಂತ ಜಟ್ಟಿಯನ್ನು ಸೋಲಿಸಿದ ಕಥೆಯನ್ನು ಉಸ್ತಾದರು ನಿನ್ನೆ ನಡೆದದ್ದೇನೋ ಎಂಬಂತೆ ಹೇಳುತ್ತಿದ್ದರು. ವಿಜಯದಶಮಿಯ ದಿನ ಜಂಬೂಸವಾರಿಗೆ ಮುಂಚೆ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಬೇರೆಯೇ ಬಗೆ. ಅದು ಜಟ್ಟಿ ಮನೆತನಗಳಿಗೆ ಸೇರಿದ್ದು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನೆಯಿರುವ ಆಯುಧ ತೊಟ್ಟು ಕಾದುತ್ತಾರೆ. ಒಬ್ಬರ ತಲೆಯಿಂದ ರಕ್ತ ಚಿಮ್ಮಿದ ತಕ್ಷಣ ಕಾಳಗ ನಿಲ್ಲುತ್ತದೆ. ನಮ್ಮ ಗರಡಿಯವರದು ನಾಡಕುಸ್ತಿ. ರಕ್ತದ ಮಾತಿಲ್ಲ. ಎದುರಾಳಿಯ ಎರಡೂ ಭುಜ ಮಣ್ಣಿಗೆ ತಾಗಿಸಿ ಚಿತ್ ಮಾಡಿದರೆ ಗೆಲುವು.

ಕುಸ್ತಿಗಿಂತ ನನಗೆ ಇಷ್ಟವಾಗುತ್ತಿದ್ದದ್ದು ಅದಕ್ಕೆ ಮೊದಲು ನಡೆಯುವ ಜೋಡಿ ಕಟ್ಟುವ ದಿನ. ಬೇರೆ ಬೇರೆ ಗರಡಿಗಳ ಹುಡುಗರು ಬಂದು ನಿಲ್ಲುತ್ತಾರೆ. ಹಿರಿಯ ಉಸ್ತಾದರು ಇಬ್ಬಿಬ್ಬರನ್ನು ಎದುರು ನಿಲ್ಲಿಸಿ, ಕೈ ಕೈ ಹಿಡಿಸಿ, ಎತ್ತರ, ಕತ್ತು, ತೊಡೆ ನೋಡಿ, ಇವನಿಗೆ ಇವನು ಸರಿ ಎಂದು ಗೊತ್ತುಮಾಡುತ್ತಾರೆ. ತಮ್ಮ ಶಿಷ್ಯನಿಗೆ ಸುಲಭದ ಜೋಡಿ ಸಿಕ್ಕರೆ ಒಪ್ಪದ ಉಸ್ತಾದರನ್ನು ನಾನು ಕಂಡಿದ್ದೇನೆ. ಸಮಬಲದವರು ಎದುರಾದರೆ ಮಾತ್ರ ಗೆದ್ದವನಿಗೂ ಸೋತವನಿಗೂ ಮರ್ಯಾದೆ ಎಂಬುದು ಅವರ ಲೆಕ್ಕ. ಮ್ಯಾಟ್ ಮೇಲಿನ ಪಾಯಿಂಟ್ ಕುಸ್ತಿಯಲ್ಲಿ ತೂಕದ ವಿಭಾಗವಿದೆ, ಮೂರು ಮೂರು ನಿಮಿಷದ ಎರಡು ಸುತ್ತಿದೆ, ತೀರ್ಪುಗಾರರಿದ್ದಾರೆ. ಅದು ಬೇಕು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಕೆ.ಡಿ. ಜಾಧವರೂ ಮಣ್ಣಿನಲ್ಲಿ ಬೆಳೆದು ಮ್ಯಾಟಿಗೆ ಹೋದವರೇ. ಆದರೆ ತೂಕದ ಯಂತ್ರ ಹೇಳದ ಎಷ್ಟೋ ಸಂಗತಿಗಳನ್ನು ಆ ಮುದುಕರು ಒಂದು ಸಲ ಕೈ ಮುಟ್ಟಿ ನೋಡಿ ಹೇಳುತ್ತಿದ್ದರು.

ನಾನು ಪೈಲ್ವಾನ ಆಗಲಿಲ್ಲ. ಓದು ಮುಗಿಸಿ, ಬಿ.ಎಡ್. ಮಾಡಿ, ಪ್ರೌಢಶಾಲೆಯ ಕನ್ನಡ ಮೇಷ್ಟ್ರಾಗಿ ನಿವೃತ್ತನಾದೆ. ಗರಡಿ ನನ್ನೊಡನೆ ಉಳಿದದ್ದು ಅಲ್ಲಿ. ನಮ್ಮ ಶಾಲೆಗಳಲ್ಲಿ ಬಸ್ಕಿ ಅಂದರೆ ಏನು? ಹೋಂವರ್ಕ್ ಮಾಡದ ಹುಡುಗ ಕಿವಿ ಹಿಡಿದು ಹೊಡೆಯಬೇಕಾದದ್ದು. ತಡವಾಗಿ ಬಂದವರಿಗೆ ಮೈದಾನ ಸುತ್ತುವ ಶಿಕ್ಷೆ. ಓಡುವುದು, ಏಳುವುದು, ಕೂರುವುದು ಎಲ್ಲವೂ ತಪ್ಪಿಗೆ ತೆರುವ ದಂಡವೆಂದು ಹತ್ತು ವರ್ಷ ಕಲಿಸಿ, ಆಮೇಲೆ ನಲವತ್ತರಲ್ಲಿ ಸಕ್ಕರೆ ಕಾಯಿಲೆ ಬಂದಾಗ ವಾಕಿಂಗ್ ಹೋಗಿ ಅಂದರೆ ಯಾರ ಮನಸ್ಸು ಒಪ್ಪುತ್ತದೆ? ಗರಡಿಯಲ್ಲಿ ತಪ್ಪು ಮಾಡಿದವನಿಗೆ ಸಿಗುತ್ತಿದ್ದ ಶಿಕ್ಷೆ ಒಂದೇ: ಅವತ್ತು ಸಾಮು ಮಾಡಕೂಡದು. ಮೂಲೆಯಲ್ಲಿ ಕೂತು ಉಳಿದವರನ್ನು ನೋಡಬೇಕು. ಅದರ ನೋವು ಅನುಭವಿಸಿದವರಿಗೇ ಗೊತ್ತು. ನಾನು ಕೆಲಸ ಮಾಡಿದ ಯಾವ ಶಾಲೆಯಲ್ಲೂ ಬಸ್ಕಿಯನ್ನು ಶಿಕ್ಷೆಯಾಗಿ ಕೊಡಲಿಲ್ಲ. ಕೊಡುತ್ತಿದ್ದ ಸಹೋದ್ಯೋಗಿಗಳೊಡನೆ ಜಗಳವಾಡಿದ್ದೇನೆ. ಬೆಳಗಿನ ಪ್ರಾರ್ಥನೆ ಆದ ಮೇಲೆ ಮಕ್ಕಳ ಜೊತೆ ನಾನೂ ಪಂಚೆ ಎತ್ತಿಕಟ್ಟಿ ದಂಡ ಹಾಕುತ್ತಿದ್ದೆ. ಮೇಷ್ಟ್ರೂ ಮಾಡುವ ಕೆಲಸ ಅಂದಮೇಲೆ ಮಕ್ಕಳಿಗೆ ಅದು ಶಿಕ್ಷೆ ಅನ್ನಿಸುವುದಿಲ್ಲ.

ಕಳೆದ ವರ್ಷ ಕಾಲೇಜಿಗೆ ಬಂದಾಗ ಹೊಸ ಜಿಮ್ ನೋಡಿದೆ. ಚೆನ್ನಾಗಿದೆ. ಹುಡುಗರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕನ್ನಡಿ ನೋಡಿಕೊಂಡು, ಒಬ್ಬೊಬ್ಬರೇ ಭಾರ ಎತ್ತುತ್ತಿದ್ದರು. ಪಕ್ಕದವನ ಹೆಸರು ಕೇಳಿದರೆ ಒಬ್ಬನಿಗೆ ಗೊತ್ತಿರಲಿಲ್ಲ. ಆ ಹುಡುಗರ ಮೇಲೆ ನನಗೆ ಬೇಸರವಿಲ್ಲ, ಬೆಳಿಗ್ಗೆ ಎದ್ದು ಬರುತ್ತಾರಲ್ಲ, ಅದೇ ದೊಡ್ಡದು. ಆದರೆ ಅವರ ಬೆನ್ನು ತಿಕ್ಕುವವರು ಯಾರೂ ಇಲ್ಲವಲ್ಲ ಅನ್ನಿಸಿತು.

ಗರಡಿಯಲ್ಲಿ ಎಲ್ಲವೂ ಸರಿಯಿತ್ತು ಎಂದು ನಾನು ಹೇಳಲಾರೆ. ಹೆಣ್ಣುಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ. ನಮ್ಮ ತರಗತಿಯಲ್ಲಿ ಖೊಖೊ ಚೆನ್ನಾಗಿ ಆಡುತ್ತಿದ್ದ ಒಬ್ಬ ಗೆಳತಿ ಇದ್ದಳು. ಮಲ್ಲವಿನೋದದ ಪಾಠ ಕೇಳಿದ ದಿನವೇ ಗರಡಿ ನೋಡಬೇಕೆಂದಳು. ಉಸ್ತಾದರನ್ನು ಕೇಳಿದೆ. ಎಂದೂ ಗದರದವರು ಅವತ್ತು ಗದರಿದರು. ಆಂಜನೇಯ ಬ್ರಹ್ಮಚಾರಿ, ಇದು ಹಿಂದಿನಿಂದ ಬಂದದ್ದು ಎಂದರು. ಅವರ ಮೇಲಿನ ನನ್ನ ಗೌರವ ಇಂದಿಗೂ ಹಾಗೇ ಇದೆ, ಆದರೆ ಆ ಮಾತು ಅನ್ಯಾಯದ್ದು. ಜಾತಿ, ಮತ, ಹಣ ಯಾವುದನ್ನೂ ಕೇಳದೆ ಬಾಗಿಲು ತೆರೆದವರಿಗೆ ಇದೊಂದನ್ನು ಬಿಡುವುದು ಆಗದ ಕೆಲಸವಾಗಿರಲಿಲ್ಲ.

ಕಾಲ ಬದಲಾಗಿದೆ. ಈಗ ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದಲ್ಲಿ ನಡೆಯುವ ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳೂ ಸೆಣಸುತ್ತಾರೆ. ಗಂಡಸರಿಗೆ ದಸರಾ ಕಂಠೀರವ, ದಸರಾ ಕೇಸರಿ ಇರುವ ಹಾಗೆ ಅವರಿಗೆ ದಸರಾ ಕಿಶೋರಿ ಪ್ರಶಸ್ತಿ ಇದೆ. ಹಳಿಯಾಳ, ಗದಗ, ಬೆಳಗಾವಿ ಕಡೆಯ ಹುಡುಗಿಯರು ಬಂದು ಪಟ್ಟು ಹಾಕುವುದನ್ನು ನೋಡಲು ಪ್ರತಿ ದಸರೆಗೂ ಮೈಸೂರಿಗೆ ಬರುತ್ತೇನೆ. ಅವರ ನಡುವೆ ನಮ್ಮ ಕಾಲೇಜಿನ ಹೆಣ್ಣುಮಕ್ಕಳೂ ಇರಬೇಕೆಂಬುದು ನನ್ನ ಆಸೆ. ನಮ್ಮ ಗರಡಿಯನ್ನು ಈಗ ನಡೆಸುತ್ತಿರುವವರು ಉಸ್ತಾದರ ಶಿಷ್ಯರೇ. ಅವರೊಡನೆ ಮಾತಾಡಿದ್ದೇನೆ. ಕಾಲೇಜಿನ ಆವರಣದಲ್ಲಿ ಜಾಗ ಕೊಟ್ಟರೆ ವಾರದಲ್ಲಿ ಮೂರು ಬೆಳಿಗ್ಗೆ ಬಂದು ಹುಡುಗಿಯರಿಗೂ ಹುಡುಗರಿಗೂ ಕಲಿಸಲು ಒಪ್ಪಿದ್ದಾರೆ. ಮ್ಯಾಟಿನ ಖರ್ಚಿಗೆ ನಮ್ಮ ಬ್ಯಾಚಿನವರು ಸೇರಿದ್ದೇವೆ, ಆ ಖೊಖೊ ಗೆಳತಿಯೂ ಸೇರಿದ್ದಾಳೆ. ಹಳೆಯ ಗ್ರಂಥಾಲಯದ ಹಿಂದಿನ ಉದ್ದನೆಯ ಕೋಣೆ ಖಾಲಿ ಇದೆಯೆಂದು ಕೇಳಿದೆ. ಪ್ರಾಂಶುಪಾಲರು ಅದನ್ನು ಬಿಟ್ಟುಕೊಟ್ಟರೆ ದಸರಾ ರಜೆಗೆ ಮೊದಲೇ ಮ್ಯಾಟ್ ಹಾಸಬಹುದು.