ಅಷ್ಟು ದೂರ ಹೋಗಿ ಬಂದ್ಯಲ್ಲ, ಏನು ಗೊತ್ತಾಯ್ತು?

2024ರ ಏಪ್ರಿಲ್‌ನಲ್ಲಿ ಅಮೆರಿಕದ ಟೂಸಾನ್ ಊರಿಗೆ, ಪ್ರಜ್ಞೆಯ ವಿಜ್ಞಾನದ ಸಮ್ಮೇಳನಕ್ಕೆ ಹೋಗಿದ್ದೆ. ಅವತ್ತಿನಿಂದ ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೂ, ಶಿರಸಿಯ ಮದುವೆ ಮನೆಯಲ್ಲಿ ಸಿಕ್ಕವರೂ ಕೇಳುವುದು ಒಂದೇ. "ಕಡೆಗೂ ಪ್ರಜ್ಞೆ ಅಂದ್ರೆ ಏನು ಅಂತ ಗೊತ್ತಾಯ್ತಾ?"

ಇಲ್ಲ. ಇನ್ನೂ ಯಾರಿಗೂ ಗೊತ್ತಾಗಿಲ್ಲ.

1994ರಲ್ಲಿ ಅದೇ ಊರಲ್ಲಿ ನಡೆದ ಮೊದಲ ಸಮ್ಮೇಳನದಲ್ಲಿ ಡೇವಿಡ್ ಚಾಲ್ಮರ್ಸ್ ಎಂಬ ತತ್ವಶಾಸ್ತ್ರಜ್ಞ ಒಂದು ಪ್ರಶ್ನೆ ಎತ್ತಿದರು. ಮೆದುಳು ನೋಡುತ್ತದೆ, ನೆನಪಿಡುತ್ತದೆ, ಸರಿ. ಆದರೆ ಇದೆಲ್ಲ ಒಳಗಿನಿಂದ ಒಂದು ಅನುಭವ ಆಗುವುದು ಯಾಕೆ? ಮುರುಗಲು ಹುಳಿ ನಾಲಿಗೆಗೆ ತಾಗಿದಾಗ ಚುರ್ ಅನ್ನಿಸುತ್ತದಲ್ಲ, ಆ ಅನ್ನಿಸುವುದು ಎಲ್ಲಿಂದ ಬಂತು? 1998ರಲ್ಲಿ ವಿಜ್ಞಾನಿ ಕ್ರಿಸ್ಟೋಫ್ ಕೋಖ್, 25 ವರ್ಷದೊಳಗೆ ಮೆದುಳಿನಲ್ಲಿ ಪ್ರಜ್ಞೆಯ ಗುರುತು ಹಿಡಿಯುತ್ತೇವೆ ಎಂದು ಚಾಲ್ಮರ್ಸ್ ಜೊತೆ ಪಂಥ ಕಟ್ಟಿದ್ದರು. 2023ರಲ್ಲಿ ನ್ಯೂಯಾರ್ಕಿನ ವೇದಿಕೆಯಲ್ಲಿ ಸೋಲೊಪ್ಪಿ, ವೈನ್ ಬಾಟಲಿ ಕೊಟ್ಟರು.

ನಾನು ಹೋಗಿದ್ದು ಬೇರೆ ಕಾರಣಕ್ಕೆ. ನಾನು ಅರಿವಳಿಕೆ ವೈದ್ಯೆ. ಈ ಸಮ್ಮೇಳನ ಕಟ್ಟಿದವರಲ್ಲಿ ಒಬ್ಬರಾದ ಸ್ಟುವರ್ಟ್ ಹ್ಯಾಮರಾಫ್ ಕೂಡ ಅರಿವಳಿಕೆ ವೈದ್ಯರೇ. ದಿನಾ ಜನರ ಎಚ್ಚರ ತಪ್ಪಿಸಿ, ಮತ್ತೆ ಎಚ್ಚರಕ್ಕೆ ತರುವ ಕೆಲಸ ನಮ್ಮದು. ಈ ಪ್ರಶ್ನೆ ನಮ್ಮನ್ನು ಕಾಡದೆ ಇರುತ್ತದಾ?

ಅಲ್ಲಿ ಒಂದು ಮಧ್ಯಾಹ್ನ ಮಾತು ಮೆದುಳು ವಿಜ್ಞಾನಿ ಏಡ್ರಿಯನ್ ಓವನ್ ಅವರ 2006ರ ಪ್ರಯೋಗದ ಕಡೆ ಹೊರಳಿತು. ಅಪಘಾತವಾಗಿ ತಿಂಗಳುಗಟ್ಟಲೆ ಯಾವ ಸ್ಪಂದನೆಯೂ ಇಲ್ಲದೆ ಮಲಗಿದ್ದ 23ರ ಹುಡುಗಿ. ಅವಳನ್ನು ಸ್ಕ್ಯಾನರಿನೊಳಗೆ ಮಲಗಿಸಿ, ಟೆನಿಸ್ ಆಡುತ್ತಿದ್ದೇನೆ ಅಂದುಕೋ ಎಂದರು. ಆಮೇಲೆ, ನಿನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿದ್ದೇನೆ ಅಂದುಕೋ ಎಂದರು. ಎರಡು ಸಲವೂ ಅವಳ ಮೆದುಳು ಆರೋಗ್ಯವಂತರ ಮೆದುಳಿನ ಹಾಗೇ ಕೆಲಸ ಮಾಡಿತು.

ಇದನ್ನು ನಾನು ಮೊದಲೇ ಓದಿದ್ದೆ. ಆದರೆ ಅವತ್ತು ಕೂತಲ್ಲೇ ಕಣ್ಣು ಮುಚ್ಚಿ ಶಿರಸಿಯ ನಮ್ಮನೆಯಲ್ಲಿ ನಡೆದೆ. ದಣಪೆ ದಾಟಿ ಅಂಗಳ, ಅಡಿಕೆ ಸುಲಿಯುವ ಜಗಲಿ, ದೇವರ ಕೋಣೆ, ಕಾಲು ಎತ್ತಿಟ್ಟೇ ದಾಟಬೇಕಾದ ಅಡುಗೆಮನೆಯ ಹೊಸ್ತಿಲು, ಹೊಗೆ ಹಿಡಿದ ಬಚ್ಚಲ ಒಲೆ. ಅದರ ಪಕ್ಕದ ಕೋಣೆ ಬಂದಾಗ ಮುಂದೆ ಹೋಗಲಿಕ್ಕೆ ಆಗಲಿಲ್ಲ. ಸ್ಟ್ರೋಕ್ ಆದ ಮೇಲೆ ನಾಲ್ಕು ತಿಂಗಳು ಅಜ್ಜಿ ಮಲಗಿದ್ದು ಅಲ್ಲೇ. "ಜ್ಞಾನ ಇಲ್ಲ" ಅಂತ ಎಲ್ಲರೂ ನಂಬಿದ್ದೆವು. ಅವಳ ಮಂಚದ ಪಕ್ಕ ನಿಂತೇ ಕೆಳಗಿನ ತೋಟ ಯಾರ ಪಾಲಿಗೆ ಅಂತ ಜೋರಾಗಿ ಮಾತಾಡಿದ್ದೆವು. ಅವಳಿಗೆ ಕೇಳಿಸಿತ್ತೋ ಇಲ್ಲವೋ, ನನಗೆ ಎಂದೂ ತಿಳಿಯುವುದಿಲ್ಲ.

ನಾನು ವಾಪಸು ಬಂದ ನಾಲ್ಕು ತಿಂಗಳಿಗೆ ಇನ್ನೊಂದು ದೊಡ್ಡ ಅಧ್ಯಯನ ಹೊರಬಿತ್ತು. ಹೇಳಿದ್ದಕ್ಕೆ ಕೈಕಾಲು ಆಡಿಸದ 241 ಮಂದಿಯನ್ನು ಸ್ಕ್ಯಾನ್ ಅಥವಾ ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಅಲೆ ಅಳೆಯುವ ಪರೀಕ್ಷೆ) ಪರೀಕ್ಷಿಸಿದಾಗ, 60 ಮಂದಿಯ ಮೆದುಳು ಹೇಳಿದ್ದನ್ನು ಒಳಗೇ ಮಾಡುತ್ತಿತ್ತು. ನಾಲ್ವರಲ್ಲಿ ಒಬ್ಬರು!

ನಾನು ತಂದಿದ್ದು ಇಷ್ಟು. ಸುಮ್ನೆ ಮಲಗಿದವರನ್ನು ನೋಡಿ "ಜ್ಞಾನ ಇಲ್ಲ" ಅಂತ ಈಗ ಹೇಳುವುದಿಲ್ಲ, "ಉತ್ತರ ಕೊಡ್ತಾ ಇಲ್ಲ" ಅನ್ನುತ್ತೇನೆ. ಐಸಿಯು ಹೊರಗೆ ಕಾಯುವ ಮನೆಯವರಿಗೆ, ಒಳಗೆ ಹೋಗಿ ಮಾತಾಡಿ ಅನ್ನುತ್ತೇನೆ. ಏನು ಮಾತಾಡೋದು ಡಾಕ್ಟ್ರೇ ಅಂತ ಹೆಚ್ಚಿನವರು ಸಂಕೋಚಪಡುತ್ತಾರೆ. ಅಡಿಕೆ ಕೊನೆ ಕೊಯ್ಲು ಎಲ್ಲಿಗೆ ಬಂತು, ಎಮ್ಮೆ ಕರು ಹಾಕಿತಾ, ಬಾವಿಯಲ್ಲಿ ನೀರು ಎಷ್ಟಿದೆ, ಅದನ್ನೇ ಹೇಳಿ ಅನ್ನುತ್ತೇನೆ.