ಊಟದ ಸಾಲಿನಲ್ಲಿ ಒಂದು ಜಾಗ

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿ.ಎಸ್ಸಿ. ಕೃಷಿ ಮುಗಿಸಿ ನಾನು ಎಂ.ಎಸ್. ಓದಲು ಹೋಗಿದ್ದು ಅಮೆರಿಕದ ಏಮ್ಸ್‌ಗೆ, ಅಯೋವಾ ಸ್ಟೇಟ್ ಯೂನಿವರ್ಸಿಟಿಗೆ. ಅಲ್ಲಿ ಗಣಿತದ ಕ್ಲಾಸು ನಡೆಯುತ್ತಿದ್ದ ಕಟ್ಟಡದ ಹೆಸರು ಕಾರ್ವರ್ ಹಾಲ್. ಒಂದು ಸೆಮಿಸ್ಟರ್ ಪೂರ್ತಿ ಅದರೊಳಗೆ ಸುಮ್ನೆ ಓಡಾಡಿಕೊಂಡಿದ್ದೆ. ಆಮೇಲೊಂದು ದಿನ ಲೈಬ್ರರಿಯಲ್ಲಿ ಆ ಹೆಸರಿನ ಕತೆ ಓದಿದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಹುಟ್ಟಿದ್ದು ಗುಲಾಮಳೊಬ್ಬಳ ಹೊಟ್ಟೆಯಲ್ಲಿ. ಕ್ಯಾನ್ಸಸ್‌ನ ಒಂದು ಕಾಲೇಜು ಕಾಗದ ನೋಡಿ ಸೀಟು ಕೊಟ್ಟು, ಬಾಗಿಲಿಗೆ ಬಂದಾಗ ಮೈಬಣ್ಣ ನೋಡಿ ವಾಪಸ್ ಕಳಿಸಿತ್ತು. 1891ರಲ್ಲಿ ಏಮ್ಸ್‌ಗೆ ಬಂದರು. ಅಲ್ಲಿಗೆ ಕಾಲಿಟ್ಟ ಮೊದಲ ಕಪ್ಪು ವಿದ್ಯಾರ್ಥಿ ಅವರು. ಸೀಟೇನೋ ಸಿಕ್ಕಿತು. ಆದರೆ ಊಟಕ್ಕೆ ಬಿಳಿಯ ಹುಡುಗರ ಜೊತೆ ಕೂರುವ ಹಾಗಿರಲಿಲ್ಲ. ನೆಲಮಾಳಿಗೆಯಲ್ಲಿ ಕೆಲಸದಾಳುಗಳ ಜೊತೆ ಉಣ್ಣಬೇಕಿತ್ತು. ಪರಿಚಯದ ಬಿಳಿಯ ಹೆಂಗಸೊಬ್ಬರು ಇದನ್ನು ಕೇಳಿ ಇಂಡಿಯನೋಲಾ ಅನ್ನುವ ಊರಿನಿಂದ ಬಂದು, ಅವರ ಪಕ್ಕದಲ್ಲೇ ಕೂತು ಊಟ ಮಾಡಿದರು.

ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಅಲ್ಲೂ ಪಂಕ್ತಿಭೇದ ಇತ್ತೇನೇ?" ಅಂದರು. ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ರೈತರ, ದುಡಿಯುವವರ ಮಕ್ಕಳಿಗೂ ಕಾಲೇಜು ಬೇಕು ಅಂತ 1862ರಲ್ಲಿ ಅಮೆರಿಕ ಮೊರಿಲ್ ಕಾಯ್ದೆ ತಂದಿತ್ತು. ರಾಜ್ಯಗಳಿಗೆ ಜಮೀನು ಕೊಟ್ಟು, ಅದನ್ನು ಮಾರಿ ಬಂದ ದುಡ್ಡಿನಲ್ಲಿ ಕಾಲೇಜು ನಡೆಸಿ ಅಂದಿತು. ಏಮ್ಸ್‌ನದೂ ಅಂಥದೇ ಕಾಲೇಜು. ಆ ಜಮೀನು ಮೂಲನಿವಾಸಿಗಳಿಂದ ಕಿತ್ತುಕೊಂಡಿದ್ದು. 1890ರ ಎರಡನೇ ಕಾಯ್ದೆ, ಬಣ್ಣ ನೋಡದೆ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಕಪ್ಪು ಜನರಿಗೆ ಬೇರೆ ಕಾಲೇಜು ಮಾಡಿ ಅಂತ ಹೇಳಿತು. ದಕ್ಷಿಣದ ರಾಜ್ಯಗಳು ಬೇರೆ ಕಾಲೇಜನ್ನೇ ಆರಿಸಿಕೊಂಡವು. ಊಟದ ಮನೆಯ ಭೇದಕ್ಕೆ ಕಾನೂನೇ ಗೋಡೆ ಕಟ್ಟಿಕೊಟ್ಟ ಹಾಗಾಯಿತು.

ಹೆಣ್ಣುಮಕ್ಕಳ ಕತೆ ಬೇರೆ ಥರ. ಏಮ್ಸ್‌ನಲ್ಲಿ ಶುರುವಿನಿಂದಲೂ ಹುಡುಗಿಯರು ಓದಿದರು. 1872ರಲ್ಲಿ ಪದವಿ ಪಡೆದ ಮೊದಲ ತಂಡದಲ್ಲಿ 24 ಗಂಡಸರು, 2 ಹೆಂಗಸರು. ಆಮೇಲೆ ಅವರಿಗೆಂದೇ ಅಡುಗೆ, ಹೊಲಿಗೆ, ಮನೆವಾರ್ತೆಯ ಪಾಠ ಬಂತು. ಅದೂ ದೊಡ್ಡ ವಿದ್ಯೆಯೇ. ಎಷ್ಟೋ ಹೆಂಗಸರು ಅದರಿಂದಲೇ ಮೇಷ್ಟರಾದರು. ಆದರೆ ಹೊಲಕ್ಕೆ ಒಂದು ಬಾಗಿಲು, ಒಲೆಗೆ ಇನ್ನೊಂದು ಬಾಗಿಲು ಅಂತ ಆಗಿಬಿಟ್ಟಿತು. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾಗಿದ್ದೂ ಅಮೆರಿಕದ ಈ ಮಾದರಿಯಲ್ಲೇ. ನಾನು ಸೀಟು ತಗೊಂಡಾಗ ಸೋದರಮಾವ, "ಹೋಮ್ ಸೈನ್ಸ್ ಸೇರಮ್ಮ, ಕೆಸರು ತುಳಿಯೋದು ನಿನಗ್ಯಾಕೆ" ಅಂದಿದ್ದರು.

ಕಾರ್ವರ್ 1896ರಲ್ಲಿ ಅಲಬಾಮಾದ ಟಸ್ಕಗೀ ಕಾಲೇಜಿಗೆ ಹೋಗಿ ಕಪ್ಪು ಮಕ್ಕಳಿಗೆ ಕೃಷಿ ಕಲಿಸಿದರು. 1906ರಲ್ಲಿ ಅವರ ಯೋಜನೆಯ ಪ್ರಕಾರ ಒಂದು ಗಾಡಿ ತಯಾರಾಗಿ, ಬೀಜ, ಸಲಕರಣೆ ಹೇರಿಕೊಂಡು ಬಡ ರೈತರ ಹಳ್ಳಿಗಳಿಗೆ ಹೊರಟಿತು. ಕಾಲೇಜಿಗೆ ಬರಲಾಗದವರ ಹತ್ತಿರ ಕಾಲೇಜೇ ಹೋಯಿತು. ಇದನ್ನು ಓದುವಾಗ ನನಗೆ ಬಿ.ಎಸ್ಸಿ.ಯ ಕೊನೇ ವರ್ಷದಲ್ಲಿ ಕಲಿಯಲೆಂದು ಮಾಡಿದ ಹಳ್ಳಿ ವಾಸ ನೆನಪಾಯಿತು.

ತುಮಕೂರಿನ ಕಡೆಯ ಹಳ್ಳಿ. ಅರಳಿಕಟ್ಟೆಯ ಮೇಲೆ ಗಂಡಸರು ಕೂತಿದ್ದರು. ಬೀಜದ ರಾಗಿ ಹೇಗೆ ಇಡುತ್ತೀರಿ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಂದು ಮನೆಯಲ್ಲಿ ಅಮ್ಮ ಒಬ್ಬರು ಒಳಗೆ ಕರೆದುಕೊಂಡು ಹೋಗಿ ಮಡಕೆಯ ಬಾಯಿ ತೆಗೆದು ತೋರಿಸಿದರು. ರಾಗಿಯ ನಡುನಡುವೆ ಒಣಗಿದ ಬೇವಿನ ಎಲೆ. ದಪ್ಪ ತೆನೆಗಳನ್ನು ಹೊಲದಲ್ಲೇ ಅವರು ಆರಿಸಿ ತರುತ್ತಿದ್ದರು. ನನ್ನ ಪಟ್ಟಿಯಲ್ಲಿ 'ರೈತನ ಹೆಸರು' ಅಂತ ಒಂದು ಕಾಲಂ ಇತ್ತು.

"ನಮ್ಮ ಯಜಮಾನ್ರ ಹೆಸರು ಬರ್ಕಳವ್ವ" ಅಂದರು.

"ಬೀಜ ಆರಿಸೋರು ನೀವಲ್ವಾ ಅಮ್ಮ?" ಅಂದೆ.

ಸೆರಗಿಗೆ ಕೈ ಒರೆಸಿಕೊಂಡು ತಮ್ಮ ಹೆಸರು ಹೇಳಿದರು. ನಾನು ಬರೆಯುತ್ತಿದ್ದಾಗ ಬಗ್ಗಿ ನೋಡುತ್ತಾ ಇನ್ನೊಂದು ಸಲ ಹೇಳಿದರು.